ಸಾಹೇಬರ ಅಂಗಳದ ಕರಿಕಿ

ಕುಷ್ಟಗಿಯ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ನಾನು ಕಾರಕೂನನಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಎರಡನೆಯ ಮಹಾಯುದ್ಧ ಶುರುವಾಗಿ ಒಂದೆರಡು ವರ್ಷವಾಗಿತ್ತು. ರಸ್ತೆಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನೋಡಿಕೊಳ್ಳಬೇಕಾದಷ್ಟು ರಸ್ತೆಗಳು ಇರಲಿಲ್ಲ, ಆದರೆ ಕಚೇರಿ ಇತ್ತು. ನಿಜಾಮರ ರಾಜ್ಯವಾದ್ದರಿಂದ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ನನಗೆ ಉರ್ದು ಓದಲು ಬರೆಯಲು ಬರುತ್ತಿತ್ತು, ಊರ ಮಂದಿಗೆ ಬರುತ್ತಿರಲಿಲ್ಲ. ನಮ್ಮ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ಸಾಹೇಬರಿಗೂ ಊರಿಗೂ ನಡುವೆ ಏನು ಮಾತು ನಡೆದರೂ ಅದು ನನ್ನ ಬಾಯಿಯಿಂದಲೇ ಹಾದು ಹೋಗಬೇಕಾಗಿತ್ತು.

ಸಾಹೇಬರು ಹೈದರಾಬಾದಿನವರು. ನಲವತ್ತರ ಆಸುಪಾಸು, ತೆಳ್ಳನೆಯ ಮನುಷ್ಯ. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಒಬ್ಬರೇ ಬಂದಿದ್ದರು. ಯಾರನ್ನೂ ಬೈಯುತ್ತಿರಲಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಅಷ್ಟೇ. ಬಂದ ಮೊದಲ ಬೇಸಿಗೆಯಲ್ಲಿ ಬಂಗಲೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಎದುರಿನ ಅಂಗಳ ನೋಡುತ್ತ ಕೂತಿದ್ದರು. ಎರೆಮಣ್ಣಿನ ಅಂಗಳ. ಕೈಗೋಲು ಹಿಡಿಕೆಯವರೆಗೆ ಇಳಿಯುವಷ್ಟು ಬಿರುಕು ಬಿಟ್ಟಿತ್ತು.

"ಮುನ್ಷಿಜಿ, ನನ್ನ ಕಣ್ಣು ಉರಿಯುತ್ತದೆ. ನೋಡಲಿಕ್ಕೆ ಏನಾದರೂ ಹಸಿರು ಬೇಕು," ಅಂದರು.

ಹೈದರಾಬಾದಿನಲ್ಲಿ ಅವರ ಅಣ್ಣನ ಮನೆಯ ಮುಂದೆ ಹುಲ್ಲಿನ ಹಾಸು ಇತ್ತಂತೆ. ಬೆಳಿಗ್ಗೆ ಬರಿಗಾಲಲ್ಲಿ ಅದರ ಮೇಲೆ ನಡೆದರೆ ಕಣ್ಣಿಗೆ ತಂಪು ಎಂದು ಅಲ್ಲಿಯ ಹಕೀಮರೊಬ್ಬರು ಹೇಳಿದ್ದರಂತೆ. ಅಂಥದ್ದೇ ಇಲ್ಲೂ ಮಾಡೋಣ ಎಂದರು. ಎಂಥ ಹುಲ್ಲು ಬೇಕು ಎಂದು ಕೇಳಿದೆ. ಹರಿಯಾಲಿ ಎಂದರು. ಹರಿಯಾಲಿ ಅಂದರೆ ನಮ್ಮ ಕರಿಕಿ, ಅದೇ ಗರಿಕೆ ಹುಲ್ಲು, ಎಂದು ತಿಳಿದಾಗ ನಾನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ.

ಎರೆಭೂಮಿಯಲ್ಲಿ ಒಕ್ಕಲುತನ ಮಾಡಿದವರಿಗೆ ಕರಿಕಿಯ ವಿಷಯ ಹೇಳಬೇಕಾಗಿಲ್ಲ. ಗಣಪತಿ ಹಬ್ಬದ ದಿನ ಒಂದು ಹಿಡಿ ಬೇಕು. ಉಳಿದ ದಿನಗಳಲ್ಲಿ ಅದರಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಒಮ್ಮೆ ಹೊಲಕ್ಕೆ ಹೊಕ್ಕಿತೆಂದರೆ ಬೇರು ತೋಳುದ್ದ ಕೆಳಗಿಳಿಯುತ್ತದೆ. ನಾಲ್ಕು ಜೋಡಿ ಎತ್ತು ಹೂಡಿ ದೊಡ್ಡ ನೇಗಿಲು ಹೊಡೆಯಬೇಕು, ಹಿಂದೆ ಹೆಂಗಸರು ಒಂದೊಂದೇ ಬೇರು ಆರಿಸಬೇಕು. ಕರಿಕಿ ಹತ್ತಿದ ಹೊಲದವರ ಮನೆಗೆ ಹೆಣ್ಣು ಕೊಡುವಾಗ ಮಂದಿ ಎರಡು ಸಲ ಯೋಚಿಸುತ್ತಿದ್ದರು. ಅದನ್ನು ಸಾಹೇಬರು ಮುಂಗಾರಿನಲ್ಲಿ ತರಿಸಿ ನೆಡಿಸಿದರು. ಸ್ನಾನದ ನೀರು, ನಮಾಜಿಗೆ ಮುಂಚೆ ಕೈಕಾಲು ತೊಳೆದ ನೀರು, ಎಲ್ಲವೂ ಒಂದು ಸಣ್ಣ ಕಾಲುವೆಯಲ್ಲಿ ಅದಕ್ಕೇ ಹೋಗುವಂತೆ ಮಾಡಿಸಿದರು. ಶ್ರಾವಣದ ಹೊತ್ತಿಗೆ ಒಂದು ಕಣದಷ್ಟು ಜಾಗ, ಕಿನ್ನಾಳದ ಗೊಂಬೆಗೆ ಬಣ್ಣ ಹಚ್ಚಿದ ಹಾಗೆ ಹಸಿರಾಯಿತು. ಸಾಹೇಬರು ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಡೆಯತೊಡಗಿದರು.

ಸಂತೆಗೆ ಬಂದ ರೈತರು ನೋಡಲು ಬಂದರು. ಗೋಡೆಯ ಆಚೆ ಸಾಲಾಗಿ ನಿಂತು ನೋಡಿದರು. ಮುದುಕನೊಬ್ಬ ನನ್ನ ಹತ್ತಿರ ಬಂದು, "ಸರಕಾರಕ್ಕೂ ಕರಿಕಿ ಹತ್ತೈತಲ್ರಿ ಪಾಪ," ಅಂದ. ಯಲಬುರ್ಗಾ ಕಡೆಯ ಅಣ್ಣತಮ್ಮಂದಿರಿಬ್ಬರು, "ಸಾಹೇಬ್ರಿಗೆ ಹೇಳ್ರಿ, ನಮ್ಮ ಎತ್ತು ಖಾಲಿ ಅದಾವ. ಸುಮ್ನ ಹೊಡದು ಕೊಡ್ತೀವಿ. ಹಿಂಗಽ ಬಿಟ್ರ ಗ್ವಾಡಿ ದಾಟಿ ಊರಾಗ ಬರ್ತೈತಿ," ಎಂದರು.

"ಏನು ಅನ್ನುತ್ತಾರೆ?" ಎಂದು ಸಾಹೇಬರು ಕಟ್ಟೆಯ ಮೇಲಿಂದ ಕೇಳಿದರು.

"ಭಾಳ ಚೆನ್ನಾಗಿದೆ ಅನ್ನುತ್ತಾರೆ ಹುಜೂರ್," ಎಂದೆ. ಸಾಹೇಬರು ಎದ್ದು ನಿಂತು ಅವರಿಗೆ ಸಲಾಂ ಮಾಡಿದರು. ಅವರೂ ದುಃಖದಿಂದ ಕೈ ಮುಗಿದರು.

ದಸರೆಯ ಹೊತ್ತಿಗೆ ಹೈದರಾಬಾದಿನ ಅಣ್ಣ ಒಂದು ಉರ್ದು ಪುಸ್ತಕ ಕಳಿಸಿದರು. ಹುಲ್ಲಿನ ಹಾಸನ್ನು ಕಾಪಾಡುವುದು ಹೇಗೆ ಎಂಬ ವಿಷಯ. ಯಾವುದೋ ಚಳಿದೇಶದವರು ಬರೆದದ್ದನ್ನು ಯಾರೋ ಉರ್ದುವಿಗೆ ತಿರುಗಿಸಿದ್ದರು. ಚಳಿಗಾಲಕ್ಕೆ ಮುಂಚೆ ಅಂಗಳವನ್ನು ಸ್ವಚ್ಛ ಮಾಡಬೇಕು, ಸತ್ತ ಹುಲ್ಲನ್ನು ಬಾಚಿ ತೆಗೆಯಬೇಕು, ನೆಲಕ್ಕೆ ಉಸಿರಾಡಲು ತೂತು ಹಾಕಬೇಕು, ಜರಡಿ ಹಿಡಿದ ಗೊಬ್ಬರ ಉದುರಿಸಬೇಕು, ಮರದಿಂದ ಬಿದ್ದ ಎಲೆಗಳನ್ನೆಲ್ಲ ಗುಡಿಸಬೇಕು ಎಂದಿತ್ತು. ನಮ್ಮ ಅಂಗಳದಲ್ಲಿ ಇದ್ದದ್ದು ಒಂದೇ ಬೇವಿನ ಮರ, ಅದು ಎಲೆ ಉದುರಿಸುವುದು ಶಿವರಾತ್ರಿಯ ಹೊತ್ತಿಗೆ. ಸಾಹೇಬರು ನಾಲ್ಕು ದಿನ ಮರವನ್ನು ನೋಡಿದರು. ಐದನೆಯ ದಿನ ಜವಾನನನ್ನು ಮರಕ್ಕೆ ಹತ್ತಿಸಿ, ಹಣ್ಣಾದ ಎಲೆಗಳನ್ನು ಕೀಳಿಸಿ ಕೆಳಗೆ ಹಾಕಿಸಿದರು. ಆಮೇಲೆ ಗುಡಿಸಿದೆವು. ಹಿಮ ಬಿದ್ದರೆ ಏನು ಮಾಡಬೇಕು ಎಂಬ ಪುಟವನ್ನು ಎರಡು ಸಲ ಓದಿ, "ಇದು ನಮಗೆ ಬೇಕಾಗಲಿಕ್ಕಿಲ್ಲ," ಎಂದರು. ಬೇಡ ಎನ್ನಲಿಲ್ಲ, ಬೇಕಾಗಲಿಕ್ಕಿಲ್ಲ ಎಂದರು.

ಅಷ್ಟರಲ್ಲಿ ರಾಯಚೂರಿನಿಂದ ಮೇಲಿನ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಹುಕುಂ ಬಂತು. ನಮ್ಮ ಸಾಹೇಬರು ಸೋಮವಾರ ಯಲಬುರ್ಗಾಕ್ಕೆ ಹೋಗಿ ಅವರನ್ನು ಕಂಡು, ರಸ್ತೆ ತೋರಿಸುತ್ತ ಗುರುವಾರ ಕರೆದುಕೊಂಡು ಬರುವುದು ಎಂದು ನಿಶ್ಚಯವಾಯಿತು. ಅದೇ ಹೊತ್ತಿಗೆ ಅಣ್ಣನ ಮನೆಯ ಹಳೆಯ ಹುಲ್ಲು ಕತ್ತರಿಸುವ ಯಂತ್ರ ಕೊಪ್ಪಳದ ಸ್ಟೇಶನ್ನಿಗೆ ಬಂದು ಬಿದ್ದಿದೆ ಎಂದು ಚೀಟಿ ಬಂತು. ಅದನ್ನು ತರುವುದು ನನ್ನ ಪಾಲಿಗೆ. ಅಂಗಳದ ಸ್ವಚ್ಛತೆಯನ್ನು ಯಾರಿಗಾದರೂ ಒಪ್ಪಿಸಿ ಹೋಗು ಎಂದು ಸಾಹೇಬರು ಹೇಳಿದರು. ತಿಳಿದವರಿಗೆ ಒಪ್ಪಿಸು ಎಂದೂ ಹೇಳಿದರು.

ಆ ಕೆಲಸ ತಿಳಿದವಳು ಊರಿನಲ್ಲಿ ಒಬ್ಬಳೇ ಇದ್ದಳು. ಅರವತ್ತು ದಾಟಿದ ಮುದುಕಿ. ಕೂಲಿ ಹೆಂಗಸರನ್ನು ಕಟ್ಟಿಕೊಂಡು ಹೊಲ ಹೊಲಕ್ಕೆ ಹೋಗುತ್ತಿದ್ದವಳು. ಅವಳು ಕೈಯಾಡಿಸಿದ ಹೊಲದಲ್ಲಿ ಮುಂದಿನ ವರ್ಷ ಹುಡುಕಿದರೂ ಒಂದು ಕಡ್ಡಿ ಕಸ ಸಿಗದು ಎಂದು ಮಂದಿ ಹೇಳುತ್ತಿದ್ದರು. ನಾನು ಅವಳ ಮನೆಗೆ ಹೋಗಿ ಪುಸ್ತಕದಲ್ಲಿದ್ದುದನ್ನೆಲ್ಲ ನನ್ನ ಬುದ್ಧಿಗೆ ತೋಚಿದ ಹಾಗೆ ಕನ್ನಡದಲ್ಲಿ ಹೇಳಿದೆ.

"ಸಾಹೇಬ್ರ ಅಂಗಳ ಸ್ವಚ್ಛ ಆಗಬೇಕವ್ವ. ಕಸ ಅನ್ನೋದು ಒಂದೂ ಉಳೀಬಾರದು."

"ಒಂದೂ ಉಳೀಬಾರದೇನ್ರಿ?"

"ಒಂದೂ. ಮ್ಯಾಲಿನ ಸಾಹೇಬ್ರು ಬರ್ತಾರ."

"ಸಾಹೇಬ್ರಿಗೆ ಬುದ್ಧಿ ಬಂತು ಬಿಡ್ರಿ," ಎಂದಳು ಮುದುಕಿ. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಹೊಲದವರ ಬಾಯಲ್ಲಿ ಕಸ ಅಂದರೆ ಬೆಳೆಯ ನಡುವೆ ಬೆಳೆಯುವ ಬೇಡದ ಹುಲ್ಲು. ಕಸ ತೆಗೆಯುವುದು ಅಂದರೆ ಅದನ್ನು ಬೇರು ಸಮೇತ ಕೀಳುವುದು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಮ್ಮದೂ ಒಕ್ಕಲುತನದ ಮನೆಯೇ. ಆದರೆ ಇಷ್ಟು ದಿನ ಉರ್ದುವಿನಲ್ಲಿ ಹುಲ್ಲಿನ ವಿಚಾರ ಓದಿ ನನ್ನ ತಲೆ ಬೇರೆ ಆಗಿತ್ತು.

ಕೊಪ್ಪಳದಲ್ಲಿ ಯಂತ್ರ ಸಿಕ್ಕಿತು. ಎರಡು ಗಾಲಿ, ನಡುವೆ ಸುರುಳಿಯಾದ ಐದು ಅಲಗು, ಹಿಂದೆ ಒಂದು ದಪ್ಪ ಉರುಳೆ, ತಳ್ಳಲು ಉದ್ದನೆಯ ಹಿಡಿಕೆ. ಸ್ಟೇಶನ್ನಿನ ಪೊಲೀಸಿನವನು ಇದು ಯುದ್ಧದ ಸಾಮಾನು ಹೌದೋ ಅಲ್ಲವೋ ಎಂದು ಒಂದು ತಾಸು ವಿಚಾರ ಮಾಡಿದ. ಹುಲ್ಲು ಕತ್ತರಿಸುವುದು ಎಂದು ಹೇಳಿದೆ.

"ಕತ್ತರಿಸಿ ಯಾವ ದನಕ್ಕ ಹಾಕ್ತೀರಿ?" ಎಂದ.

"ದನಕ್ಕ ಹಾಕೋದಿಲ್ಲ. ಸುಮ್ನ ಕತ್ತರಸೋದು."

ಇದರಿಂದ ಅವನ ಸಂಶಯ ಹೆಚ್ಚಾಯಿತು. ಕೊನೆಗೆ ನಾನು ಬಾಡಿಗೆಗೆ ಹಿಡಿದ ಗಾಡಿಯವನೇ ಮುಂದೆ ಬಂದು, ಇದು ಹೊಸ ನಮೂನಿ ಕುಡುಗೋಲು, ಎರಡು ಗಾಲಿ ಹಚ್ಯಾರ, ಅಷ್ಟ ಎಂದು ಬಗೆಹರಿಸಿದ. ಊರು ಬಿಡುವ ಮುಂಚೆ ಕಬ್ಬಿಣದ ಸಾಮಾನನ್ನು ಹಾಗೇ ಒಯ್ಯಬಾರದೆಂದು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಿಡಿಕೆಗೆ ಸೇವಂತಿಗೆ ಮಾಲೆ ಹಾಕಿ, ತೆಂಗಿನಕಾಯಿ ಒಡೆದ.

ಬುಧವಾರ ಮಧ್ಯಾಹ್ನ ಗಾಡಿ ಬಂಗಲೆಯ ಮುಂದೆ ನಿಂತಿತು. ನಾನು ಇಳಿದು ಅಂಗಳ ನೋಡಿದೆ. ಬೇರೆ ಯಾರದೋ ಅಂಗಳಕ್ಕೆ ಬಂದೆನೇನೋ ಅನ್ನಿಸಿತು.

ಹುಲ್ಲು ಇರಲಿಲ್ಲ. ಒಂದು ಎಸಳೂ ಇರಲಿಲ್ಲ. ನೆಲ ಅಗೆದು, ಬೇರು ಆರಿಸಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸಿದ್ದರು. ಕನ್ನಡಿಯ ಹಾಗೆ ಇತ್ತು. ಅದರ ಮೇಲೆ ಬಿಳಿ ರಂಗೋಲಿ, ನಟ್ಟನಡುವೆ ಎಂಟು ದಳದ ಕಮಲ, ನಾಲ್ಕು ಮೂಲೆಗೆ ನಾಲ್ಕು ನವಿಲು. ಮುದುಕಿ ಮತ್ತು ಅವಳ ಆರು ಮಂದಿ ಹೆಂಗಸರು ಬೇವಿನ ನೆರಳಿನಲ್ಲಿ ಸಾಲಾಗಿ ಕೂತು ನನ್ನ ಮುಖವನ್ನು ನೋಡುತ್ತಿದ್ದರು. ಹೊಗಳುವುದನ್ನು ಕಾಯುತ್ತಿದ್ದರು.

"ಕೈಯಾಡಿಸಿ ನೋಡ್ರಿ," ಎಂದಳು ಮುದುಕಿ. "ಒಂದು ಬೇರು ಸಿಕ್ರ ನನ್ನ ಹೆಸರು ತಗೀರಿ."

"ಅವ್ವ, ಹುಲ್ಲು ಎಲ್ಲಿ?"

"ತಗದೀವಿ."

"ತಗದು?"

"ಒಣಾ ಹಾಕಿ ಸುಟ್ಟೀವಿ. ಕರಿಕಿ ಹೊರಗ ಒಗದ್ರ ಬಿದ್ದಲ್ಲೇ ಹತ್ತತೈತಿ. ಸುಡಬೇಕು ಅದನ್ನ."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳಿಗೆ ವಿಷಯ ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಸಾಹೇಬರು ಕರಿಕಿಯನ್ನು ಬೇಕೆಂದೇ ಬೆಳೆಸಿದ್ದರು ಎಂಬುದನ್ನು ಅವಳು ನಂಬಲೇ ಇಲ್ಲ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ನಂಬಿದಳು. ಉಳಿದ ಹೆಂಗಸರ ಕಡೆ ತಿರುಗಿ ಮೆಲ್ಲಗೆ, "ಕೆಟ್ಟದ್ದಾತು," ಎಂದಳು.

ಮರುದಿನ ಊಟದ ಹೊತ್ತಿಗೆ ಸಾಹೇಬರು ಬರುವವರು. ಅಷ್ಟರೊಳಗೆ ಕಣದಷ್ಟು ಜಾಗಕ್ಕೆ ಹುಲ್ಲು ಎಲ್ಲಿಂದ ತರಬೇಕು? ಉಪಾಯ ಮುದುಕಿಯದೇ. ಊರ ಹೊರಗೆ ಒಬ್ಬ ರೈತನಿದ್ದ. ಅವನ ಹೊಲ ಪೂರಾ ಕರಿಕಿ. ಹತ್ತು ವರ್ಷದಿಂದ ನೇಗಿಲು ಮುಟ್ಟಿಸಿರಲಿಲ್ಲ. ಹಾದು ಹೋಗುವವರೆಲ್ಲ ಆ ಹೊಲದ ಬದಿಗೆ ನಿಂತು ಒಂದು ಮಾತು ಆಡಿಯೇ ಹೋಗುತ್ತಿದ್ದರು. ನಾವು ಹೋದಾಗ ಅವನು ಗುಡಿಸಲ ಮುಂದೆ ಮಲಗಿದ್ದ. ನಮ್ಮನ್ನು ಕಂಡು ಬೈಯಿಸಿಕೊಳ್ಳಲು ಎದ್ದು ಕೂತ. ಸರಕಾರಕ್ಕೆ ನಿನ್ನ ಕರಿಕಿ ಬೇಕಾಗಿದೆ ಎಂದೆ. ಅವನು ನನ್ನನ್ನು, ಮುದುಕಿಯನ್ನು, ತನ್ನ ಹೊಲವನ್ನು ಒಂದೊಂದಾಗಿ ನೋಡಿದ.

"ಯಾರ ಹೊಲ್ದಾಗೂ ಸಿಗಲಿಲ್ಲೇನ್ರಿ?"

"ಇಷ್ಟು ಛಲೋದು ಎಲ್ಲೂ ಇಲ್ಲ."

ಅವನು ರುಮಾಲು ಸುತ್ತಿಕೊಂಡ. ಸುತ್ತಿಕೊಳ್ಳಲು ಸಾಕಷ್ಟು ಹೊತ್ತು ತಗೊಂಡ. ಕೊಡಲು ಅಡ್ಡಿಯಿಲ್ಲ, ಆದರೆ ಅದನ್ನೇ ಒಂದು ಕಾಗದದ ಮೇಲೆ ಬರೆದು ಮೊಹರು ಹಾಕಿ ಕೊಡಬೇಕು ಎಂದ. ನಾನು ಕಚೇರಿಗೆ ಓಡಿ, ಈ ತಾಲೂಕಿನಲ್ಲಿಯೇ ಎಲ್ಲಕ್ಕಿಂತ ದಟ್ಟವಾದ ಹರಿಯಾಲಿ ಇವನ ಹೊಲದಲ್ಲಿದೆ ಎಂದು ಉರ್ದುವಿನಲ್ಲಿ ಬರೆದು ಮೊಹರು ಒತ್ತಿದೆ. ಆ ಕಚೇರಿಯಲ್ಲಿ ನಾನು ಬರೆದ ಕಾಗದಗಳಲ್ಲಿ ಅಷ್ಟು ಪೂರಾ ಸತ್ಯವಾದದ್ದು ಇನ್ನೊಂದಿರಲಿಕ್ಕಿಲ್ಲ. ಮುಂದೆ ಅವನು ಅದಕ್ಕೆ ಚೌಕಟ್ಟು ಹಾಕಿಸಿ ಗುಡಿಸಲಿನಲ್ಲಿ ತೂಗುಹಾಕಿದ. ಯಾರಾದರೂ ಹೊಲದ ಬಗ್ಗೆ ಮಾತೆತ್ತಿದರೆ ಒಳಗೆ ಕರೆದು ತೋರಿಸುತ್ತಿದ್ದ.

ಹೆಂಗಸರು ಸನಿಕೆ ಹಾಕಿ, ಮಣ್ಣು ಸಮೇತ ಹುಲ್ಲನ್ನು ಉದ್ದುದ್ದ ಪಟ್ಟಿಯಾಗಿ ಎಬ್ಬಿಸಿದರು. ಬೇರು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ಹಾಗೆ ಎದ್ದು ಬಂತು. ಸುರುಳಿ ಸುತ್ತಿ ಬುಟ್ಟಿಯಲ್ಲಿ ಹೊತ್ತು ತರಬೇಕಲ್ಲ, ಮುದುಕಿ ಪೇಟೆಯ ದಾರಿ ಬಿಟ್ಟು ಹಳ್ಳದ ದಾರಿ ಹಿಡಿದಳು. ತಲೆಯ ಮೇಲೆ ಕರಿಕಿ ಹೊತ್ತು ಊರೊಳಗೆ ಬರುವುದನ್ನು ಯಾರಾದರೂ ನೋಡಿದರೆ ಐವತ್ತು ವರ್ಷದ ಮರ್ಯಾದೆ ಹೋಗುತ್ತದೆ ಎಂದಳು. ಸಂಜೆಯವರೆಗೆ ಮತ್ತು ಮರುದಿನ ಬೆಳಿಗ್ಗೆ ಹಾಸಿದೆವು. ಸಾರಿಸಿದ ನೆಲವನ್ನು ಮತ್ತೆ ಅಗೆಯಲು ಹೊತ್ತು ಇರಲಿಲ್ಲ. ರಂಗೋಲಿಯ ಮೇಲೆಯೇ ಹಾಸಿ, ನೀರು ಚಿಮುಕಿಸಿದೆವು. ದೂರದಿಂದ ನೋಡಿದರೆ ತಪ್ಪು ಕಾಣುತ್ತಿರಲಿಲ್ಲ.

ಮೇಲಿನ ಸಾಹೇಬರು ದಪ್ಪನೆಯ, ಹುರುಪಿನ ಮನುಷ್ಯ. ಗಾಡಿ ಇಳಿದವರೇ ಹುಲ್ಲನ್ನು ನೋಡಿ ವಾಹ್ ಎಂದರು. ನಮ್ಮ ಸಾಹೇಬರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರು. ಎರಡು ಹೆಜ್ಜೆ ನಡೆದು ನಿಂತರು. ಕಾಲೆತ್ತಿ ಅಂಗಾಲಿನಿಂದ ಒಂದು ನೆಗ್ಗಿಲಮುಳ್ಳು ತೆಗೆದರು. ನನ್ನ ಕಡೆ ನೋಡಿದರು. ನಾನು ಬೇವಿನ ಮರ ನೋಡಿದೆ.

ಅಷ್ಟರಲ್ಲಿ ಮೇಲಿನ ಸಾಹೇಬರಿಗೆ ಯಂತ್ರ ಕಂಡಿತು. ಮಾಲೆ ಇನ್ನೂ ಹಾಗೇ ಇತ್ತು. ತಾವೇ ನಡೆಸಿ ನೋಡುತ್ತೇನೆ ಎಂದು ಕೋಟು ಕಳಚಿ ಜವಾನನ ಕೈಗೆ ಕೊಟ್ಟರು. ಬೇಡ ಎನ್ನುವ ಅಧಿಕಾರ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವರು ಹಿಡಿಕೆ ಹಿಡಿದು ಬಲವಾಗಿ ತಳ್ಳಿದರು. ಅಲಗು ಹುಲ್ಲಿನ ಅಂಚಿಗೆ ಸಿಕ್ಕಿತು. ಹುಲ್ಲು ಕತ್ತರಿಸಲಿಲ್ಲ, ಎದ್ದಿತು. ಎದ್ದದ್ದು ಯಂತ್ರಕ್ಕೆ ಸುತ್ತಿಕೊಂಡಿತು. ಅವರು ತಳ್ಳುತ್ತ ಹೋದರು, ಹಾಸು ಸುರುಳಿ ಸುತ್ತುತ್ತ ಹೋಯಿತು. ಏಳೆಂಟು ಹೆಜ್ಜೆ ಹೋಗಿ ಯಂತ್ರ ನಿಂತಾಗ ಅವರ ಹಿಂದೆ ಸೆಗಣಿ ಸಾರಿಸಿದ ನೆಲ, ಅದರ ಮೇಲೆ ಒಂದು ನವಿಲು ಮತ್ತು ಅರ್ಧ ಕಮಲ.

ನಮ್ಮ ಸಾಹೇಬರು ಕನ್ನಡಕ ತೆಗೆದರು.

"ಇದು ಏನು?" ಎಂದು ಮೇಲಿನ ಸಾಹೇಬರು ನವಿಲನ್ನು ತೋರಿಸಿ ಕೇಳಿದರು.

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿ ಹೇಳಿದ್ದಲ್ಲ. "ಹಂಗಾಮಿನ ಸ್ವಚ್ಛತೆ ಹುಜೂರ್. ಇಲ್ಲಿ ವರ್ಷಕ್ಕೊಮ್ಮೆ ಹುಲ್ಲನ್ನು ಸುತ್ತಿ ತೆಗೆದು, ಕೆಳಗೆ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ, ಮತ್ತೆ ಹಾಸುತ್ತಾರೆ."

"ಪೂರಾ ಸುತ್ತಬಹುದೋ?"

"ಪೂರಾ."

"ಸುತ್ತಿ ತೋರಿಸಿ."

ಮುದುಕಿ ಮತ್ತು ಅವಳ ಹೆಂಗಸರು ಬಂದು, ಸಾಹೇಬರ ಅಂಗಳವನ್ನು ಚಾಪೆಯ ಹಾಗೆ ಪಟ್ಟಿ ಪಟ್ಟಿಯಾಗಿ ಸುತ್ತಿ ಗೋಡೆಗೆ ಒರಗಿಸಿದರು. ನಾಲ್ಕು ನವಿಲೂ ಹೊರಗೆ ಬಂದವು. ಮೇಲಿನ ಸಾಹೇಬರು ಸುತ್ತ ನಡೆದು ನೋಡಿ, ಮತ್ತೆ ಹಾಸಿಸಿ, ಇನ್ನೊಮ್ಮೆ ನೋಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಅಚ್ಚುಕಟ್ಟು ತಾವು ಕಂಡಿಲ್ಲ ಎಂದರು. ಹೋಗುವಾಗ ಎರಡು ಸುರುಳಿ ತಮ್ಮ ಬಂಗಲೆಗೂ ಕಳಿಸಬೇಕೆಂದು ಹೇಳಿದರು. ಕಳಿಸಿದೆವು. ರಾಯಚೂರಿನಲ್ಲಿ ಅದು ಏನಾಯಿತೋ ನಮಗೆ ತಿಳಿಯಲಿಲ್ಲ.

ಅವರು ಹೋದ ಮೇಲೆ ನಮ್ಮ ಸಾಹೇಬರು ಕಟ್ಟೆಯ ಮೇಲೆ ಕೂತರು.

"ಮುನ್ಷಿಜಿ, ಇದು ನನ್ನ ಹುಲ್ಲಲ್ಲ. ನನ್ನ ಹುಲ್ಲನ್ನು ನನ್ನ ಕಾಲು ಗುರುತಿಸುತ್ತದೆ."

ನಾನು ಎಲ್ಲವನ್ನೂ ಹೇಳಿದೆ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಸಂತೆಗೆ ಬಂದ ರೈತರು ನಿಜಕ್ಕೂ ಏನು ಹೇಳಿದ್ದರು ಎಂಬುದನ್ನೂ ಹೇಳಿಬಿಟ್ಟೆ. ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಮುದುಕಿಯನ್ನು ಕರೆಸಿದರು. "ಈ ಸಲ ಅವಳು ಏನು ಹೇಳುತ್ತಾಳೋ ಅದನ್ನೇ ಹೇಳು," ಎಂದರು.

ಮುದುಕಿ ಕೆಳಗೆ ಕೂತಳು. ತಪ್ಪಾಯಿತು ಎಂದು ಅನ್ನಲಿಲ್ಲ. "ಇದು ಯಾಕ ಬೇಕಾಗಿತ್ತು ಕೇಳ್ರಿ," ಎಂದಳು.

ಕೇಳಿದೆ. ಕಣ್ಣಿಗೆ ಹಸಿರು ಬೇಕಿತ್ತು ಎಂದರು.

"ಹಸಿರು ಬೇಕಾದ್ರ ಊರ ಅಗಸಿ ದಾಟಿ ಹೊರಗ ಹೋಗ್ಬೇಕು. ಈಗ ಬಿಳಿಜೋಳ ಎದ್ದಾವ. ಕಣ್ಣು ಮುಟ್ಟೂ ತನಕಾ ಹಸರ ಐತಿ. ಅದನ್ನ ಬಿಟ್ಟು ಕರಿಕಿ ನೋಡ್ಕೋತ ಕುಂದರತಾರೇನು?"

ಅದನ್ನು ಹೇಳಿದ ಹಾಗೆಯೇ ಹೇಳಿದೆ. ಮರುದಿನ ಬೆಳಿಗ್ಗೆ ಸಾಹೇಬರು ಅವಳ ಹಿಂದೆ ಹೊಲಕ್ಕೆ ಹೋದರು. ನಾನೂ ಹೋದೆ. ಮುದುಕಿ ಮುಂದೆ, ಸಾಹೇಬರು ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ. ಜೋಳ ಮೊಳಕಾಲಿಗೆ ಬಂದಿತ್ತು. ಅವರು ಬಹಳ ಹೊತ್ತು ನಿಂತರು. ಇಷ್ಟು ದಿನ ಈ ರಸ್ತೆಯನ್ನೇ ಅಳೆಯುತ್ತ ಹೋಗಿ ಬಂದಿದ್ದೇನೆ, ಕೆಳಗೆ ನೋಡುತ್ತಿದ್ದೆ ಎಂದರು.

ಹಾಸಿದ ಹುಲ್ಲು ವಾರದಲ್ಲಿ ಒಣಗಿತು. ಕೆಳಗಿನ ನೆಲ ಗಟ್ಟಿ, ಬೇರು ಇಳಿಯಲಿಲ್ಲ. ಅದನ್ನು ತೆಗೆಸಿ ಹಾಕಿದೆವು. ಸಾಹೇಬರು ಮತ್ತೆ ನೆಡಿಸುವ ಮಾತು ಆಡಲಿಲ್ಲ, ನಾನೂ ನೆನಪಿಸಲಿಲ್ಲ. ದೀಪಾವಳಿ ಕಳೆದು ಒಂದು ಅಕಾಲದ ಮಳೆ ಬಿತ್ತು. ನಾಲ್ಕನೆಯ ದಿನ ಕಮಲ ಇದ್ದ ಜಾಗದ ನಡುವೆ ಸೆಗಣಿ ಸೀಳಿಕೊಂಡು ಒಂದು ಹಸಿರು ಮೊಳಕೆ ಎದ್ದಿತ್ತು. ಮರುದಿನ ಎಣಿಸಲಾಗದಷ್ಟು. ಸಾಹೇಬರಿಗೆ ಗುರುತು ಸಿಕ್ಕಿತು. ಇದು ನನ್ನದು ಎಂದರು.

ಸುದ್ದಿ ಮುದುಕಿಗೆ ಹೋಯಿತು. ಅವಳು ಬಂದು ಮೊಳಕೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದನ್ನು ಬೆರಳಿಂದ ಮುಟ್ಟಿದಳು. ನಾನು ಏನೋ ತಮಾಷೆ ಮಾಡಬೇಕೆಂದಿದ್ದೆ. ಆದರೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಐವತ್ತು ವರ್ಷದಾಗ ಒಂದು ಬೇರು ಬಿಟ್ಟಾಕಿ ಅಲ್ಲ ನಾನು," ಎಂದಳು. "ಕೈ ಮೊದ್ಲಿನಂಗ ಉಳದಿಲ್ರಿ."

ಸಾಹೇಬರು ಕಟ್ಟೆ ಇಳಿದು ಬಂದು ಅವಳ ಎದುರಿಗೆ ನೆಲದ ಮೇಲೆಯೇ ಕೂತರು. ನನ್ನನ್ನು ಕೇಳಲಿಲ್ಲ. ಅಷ್ಟು ದಿನದಲ್ಲಿ ಕೂಡಿಸಿಕೊಂಡ ಕನ್ನಡವನ್ನೆಲ್ಲ ತೆಗೆದು, "ಬಿಡು ಅವ್ವ. ನಿಂದು ತಪ್ಪು ಇಲ್ಲ. ಹುಲ್ಲು ಭಾಳ ಕೆಟ್ಟದ್ದು ಐತಿ," ಎಂದರು.

ಮುದುಕಿ ತಲೆ ಆಡಿಸಿದಳು. ಹೌದು, ಭಾಳ ಕೆಟ್ಟದ್ದು ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತು ಅದನ್ನು ನೋಡಿದರು.

ಆಮೇಲೆ ಎರಡು ವರ್ಷ ಆ ಹುಲ್ಲಿನ ಉಸ್ತುವಾರಿ ಅವಳದೇ. ಹಂಗಾಮು ಬಂದಾಗ ನಾನು ಪುಸ್ತಕ ಓದಿ ಹೇಳುವುದು, ಅವಳು ಕೇಳಿ ಮಾಡುವುದು. ಒಣಗಿದ್ದನ್ನು ಬಾಚಿ ತೆಗೆಯುವಾಗ ಬೈಯುತ್ತಿದ್ದಳು, ನೆಲಕ್ಕೆ ತೂತು ಹಾಕುವಾಗ ಹಾರೆಯನ್ನು ಸೇಡು ತೀರಿಸಿಕೊಳ್ಳುವ ಹಾಗೆ ಚುಚ್ಚುತ್ತಿದ್ದಳು. ಗೊಬ್ಬರ ಹಾಕುವ ದಿನ ಮಾತ್ರ ಬೇರೆಯವರನ್ನು ಕಳಿಸುತ್ತಿದ್ದಳು. ಚುಚ್ಚಿದಷ್ಟೂ ಅದು ದಟ್ಟವಾಯಿತು.

ಆ ಸಾಹೇಬರಿಗೆ ಹೈದರಾಬಾದಿಗೇ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ನಡೆಯುವ ಹವ್ಯಾಸ ಇರಲಿಲ್ಲ. ಅವರು ಬರುವಾಗ ಎರಡು ಎಮ್ಮೆ ಹೊಡೆದುಕೊಂಡು ಬಂದರು, ಅಂಗಳದಲ್ಲಿ ಕಟ್ಟಿ ಆ ಕರಿಕಿಯನ್ನೇ ಮೇಯಿಸಿದರು. ಕಚೇರಿಯ ಮಂದಿಗೆಲ್ಲ ಎರಡು ಹೊತ್ತು ಚಹಾ ಆಗುವಷ್ಟು ಹಾಲು ಆಗುತ್ತಿತ್ತು. ವಾರಕ್ಕೊಮ್ಮೆ ಒಂದು ತಂಬಿಗೆ ಮಜ್ಜಿಗೆಯನ್ನು ನಾನು ಮುದುಕಿಯ ಮನೆಗೆ ಕೊಟ್ಟು ಬರುತ್ತಿದ್ದೆ, ನನ್ನನ್ನು ಗಂಗಾವತಿಗೆ ಹಾಕುವವರೆಗೆ.